ಲೌಂಜಿಗೆ ಬಂದ ಹಂಚಿನ ಸೇಡು

ನಾನು ಒಂದು ದೋಸೆ ಹಂಚು. ಹರಿಹರದ ಹೊರಗೆ ತಗಡಿನ ಶೆಡ್ಡೊಂದರಲ್ಲಿ, ಮರಳಿನ ಅಚ್ಚಿನೊಳಗೆ ಹುಟ್ಟಿದೆ. ಅದೇ ದಿನ ಅದೇ ಕುಲುಮೆಯಿಂದ ಚರಂಡಿಯ ಮುಚ್ಚಳಗಳೂ ತೂಕದ ಬಟ್ಟುಗಳೂ ಹುಟ್ಟಿದವು. ನಮ್ಮನ್ನೆಲ್ಲ ಗುಜರಿ ಕರಗಿಸಿ ಮಾಡಿದ್ದರು. ನನ್ನೊಳಗೆ ಮುರಿದ ನೇಗಿಲು ಇರಬಹುದು, ಲಾರಿಯ ಎಂಜಿನ್ನು ಇರಬಹುದು, ಯಾವುದೋ ಜೈಲಿನ ಕಿಟಕಿಯ ಸರಳುಗಳೂ ಇರಬಹುದು. ನನ್ನ ಸ್ವಭಾವ ನೋಡಿದರೆ ಸರಳುಗಳೇ ಹೆಚ್ಚು ಸೇರಿವೆ ಅನ್ನಿಸುತ್ತದೆ. ನಾನು ಏನನ್ನೂ ಮರೆಯುವುದಿಲ್ಲ. ಯಾರನ್ನೂ ಸುಮ್ಮನೆ ಬಿಡುವುದಿಲ್ಲ.

ನನ್ನನ್ನು ಕೊಂಡವಳು ದಾವಣಗೆರೆಯ ಕೊಟ್ರಮ್ಮ. ಗಂಡ ಸತ್ತ ಮೇಲೆ ಹಳೇ ಪೇಟೆಯ ಓಣಿಯೊಂದರಲ್ಲಿ ಬೆಣ್ಣೆ ದೋಸೆ ಹೋಟೆಲು ತೆರೆದ ಗಟ್ಟಿ ಹೆಂಗಸು. ಮೊದಲ ದಿನಗಳಲ್ಲಿ ನಾನು ಅವಳಿಗೆ ಬಗ್ಗಲಿಲ್ಲ. ಹಿಟ್ಟು ಹೊಯ್ದರೆ ಕಚ್ಚಿ ಹಿಡಿಯುತ್ತಿದ್ದೆ. ಅವಳು ಎಣ್ಣೆ ಹಚ್ಚಿದಳು, ಈರುಳ್ಳಿ ಉಜ್ಜಿದಳು, ಕಾಯಿಸಿದಳು, ಆರಿಸಿದಳು, ಮತ್ತೆ ಕಾಯಿಸಿದಳು. ಸೌಟಿನಿಂದ ತಲೆಗೆ ಕುಟ್ಟುತ್ತಾ, "ಬಿಡ್ತೀಯೋ ಇಲ್ಲೋ ಮೂದೇವಿ? ನಿಂಗಿಂತ ದೊಡ್ಡ ಹಟಮಾರಿ ಕಟ್ಕಂಡು ಬಾಳ್ವೆ ಮಾಡೀನಿ" ಎಂದು ಬಯ್ದಳು. ಕೊನೆಗೆ ನಾನು ಪಳಗಿದೆ. ನನ್ನ ಮೈ ಕಪ್ಪಾಗಿ ಕನ್ನಡಿಯಂತೆ ಹೊಳೆಯಿತು. ದೋಸೆಯ ಅಂಚು ತಾನಾಗಿ ಎದ್ದು ಅವಳ ಕೈಗೆ ಬರತೊಡಗಿತು. ಕಟ್ಟಿಗೆಯ ಉರಿ, ಬೆಣ್ಣೆ, ಕಡ್ಡಿ ಪೊರಕೆಯಿಂದ ಒಂದು ಸವರು, ನೀರಿನ ಒಂದು ಚುಮುಕು: ಇಷ್ಟೇ ನನ್ನ ಸ್ನಾನ. ಸೋಪು ಎಂಬುದು ಲೋಕದಲ್ಲಿದೆಯೆಂದೇ ನನಗೆ ಗೊತ್ತಿರಲಿಲ್ಲ.

ಅವಳಿಗೆ ಮಕ್ಕಳಿರಲಿಲ್ಲ. ಮೈದುನನ ಮಗ ಸಿದ್ದಲಿಂಗೇಶ ಅವಳ ಕೈಯಲ್ಲೇ ಬೆಳೆದ. ಬೆಳಿಗ್ಗೆಯ ಮೊದಲ ದೋಸೆ ಅವನಿಗೆ. ಬೆಣ್ಣೆ ಕಡಿಮೆಯಾದರೆ ತಟ್ಟೆ ದೂಡುತ್ತಿದ್ದ. ದೊಡ್ಡವನಾಗಿ ಬೆಂಗಳೂರಿನಲ್ಲಿ ಹೋಟೆಲು ವಿದ್ಯೆ ಕಲಿತು ಹೆಸರನ್ನು 'ಸಿಡ್' ಎಂದು ಕತ್ತರಿಸಿಕೊಂಡ. ವಿಮಾನ ನಿಲ್ದಾಣಗಳಲ್ಲಿ ಊಟೋಪಚಾರ ನೋಡಿಕೊಳ್ಳುವ ಕಂಪನಿಯೊಂದನ್ನು ಸೇರಿದ.

ಕೊಟ್ರಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆ ಸೇರಿದಾಗ ಹೋಟೆಲಿನ ಕೀಲಿಕೈಯನ್ನು ಅವನ ಕೈಗೇ ಕೊಟ್ಟಳು. ಅವನು ವ್ಯಾನು ತಂದ. ಮೊದಲು ಬೋರ್ಡು ಬಿಚ್ಚಿಸಿದ, ಆಮೇಲೆ ಗೋಡೆಯ ಮೇಲಿದ್ದ ಅವಳ ಫೋಟೋ, ಕೊನೆಗೆ ಇಬ್ಬರು ಹಮಾಲರನ್ನು ಹಚ್ಚಿ ನನ್ನನ್ನು ಒಲೆಯ ಮೇಲಿಂದ ಎತ್ತಿಸಿದ. ನನ್ನ ಹೊಟ್ಟೆಯ ಕೆಳಗೆ ಇನ್ನೂ ಬೂದಿ ಬೆಚ್ಚಗಿತ್ತು. ವ್ಯಾನು ಹೊರಟ ಮೇಲೆ ಫೋನಿನಲ್ಲಿ ಅವನು ಆಡಿದ ಮಾತು ಕೇಳಿಸಿತು.

"ಹೌದು ಸರ್, ದೊಡ್ಡಮ್ಮ ಹೋದ್ ತಿಂಗಳು. ನಿದ್ದೇಲೇ ಹೋಗ್ಬಿಟ್ರು. ನನ್ನ ಬಿಟ್ರೆ ಅವರಿಗೆ ಯಾರೂ ಇರ್ಲಿಲ್ಲ. ಹೆಸರು, ಫೋಟೋ ಎಲ್ಲಾ ಹಾಕ್ಕೊಬಹುದು ಸರ್. ಕೇಳೋರು ಯಾರಿದಾರೆ?"

ಕೇಳುವವನು ನಾನಿದ್ದೆ. ಬಾಯಿಲ್ಲದೆ, ಗೋಣಿ ಹೊದ್ದುಕೊಂಡು, ಸ್ಟೆಪ್ನಿ ಟೈರಿನ ಪಕ್ಕದಲ್ಲಿ. ಅವತ್ತೇ ಅವನನ್ನು ನನ್ನ ಲೆಕ್ಕಕ್ಕೆ ಹಾಕಿಕೊಂಡೆ.

ಹೀಗೆ ನಾನು ಬೆಂಗಳೂರಿನ ವಿಮಾನ ನಿಲ್ದಾಣದ ಬಿಸಿನೆಸ್ ಕ್ಲಾಸ್ ಲೌಂಜಿಗೆ ಬಂದೆ. ವಿಮಾನ ಹತ್ತುವ ಮುಂಚೆ ದುಬಾರಿ ಟಿಕೇಟಿನವರು ಕೂತು ಕಾಯುವ ಜಾಗ ಅದು. ಹೆಜ್ಜೆಯ ಸದ್ದನ್ನು ನುಂಗುವ ರತ್ನಗಂಬಳಿ, ಬೆನ್ನನ್ನು ನುಂಗುವ ಕುರ್ಚಿಗಳು. ಅಲ್ಲಿ ತಿನ್ನುವುದೆಲ್ಲ ಪುಕ್ಕಟೆ, ಆದ್ದರಿಂದ ಯಾರಿಗೂ ಹಸಿವಿಲ್ಲ. ತಟ್ಟೆ ತುಂಬಿಸಿಕೊಂಡು, ಎರಡು ಚೂರು ತಿಂದು, ಗಡಿಯಾರ ನೋಡಿ ಎದ್ದು ಹೋಗುತ್ತಾರೆ. ದಾವಣಗೆರೆಯಲ್ಲಿ ಹಮಾಲರು ತಟ್ಟೆಗೆ ಅಂಟಿದ ಬೆಣ್ಣೆಯನ್ನೂ ಬೆರಳಿನಿಂದ ಬಳಿದು ತಿನ್ನುತ್ತಿದ್ದರು. ನಾನು ಆ ಬೆರಳುಗಳನ್ನು ನೋಡಿ ಬೆಳೆದವನು.

ಗಾಜಿನ ಅಡ್ಡಗೋಡೆಯ ಹಿಂದೆ ನನ್ನನ್ನು ಕೂರಿಸಿದರು. ಅಲ್ಲಿ ಕಟ್ಟಿಗೆ ಕೂಡದು, ಗ್ಯಾಸು ಕೂಡದು. ನನ್ನ ಕೆಳಗೆ ಕರೆಂಟಿನ ಒಲೆ ಇಟ್ಟರು. ಮೇಲೆ 'ಕೊಟ್ರಮ್ಮನ ಬೆಣ್ಣೆ ದೋಸೆ' ಎಂಬ ನಮ್ಮದೇ ಬೋರ್ಡು, ಅದರ ಪಕ್ಕದಲ್ಲಿ ಅವಳ ಫೋಟೋ. ಫೋಟೋಕ್ಕೆ ಸಿದ್ದಲಿಂಗೇಶ ತನ್ನ ಕೈಯಿಂದಲೇ ಗಂಧದ ಹಾರ ಹಾಕಿದ. ನಮ್ಮ ಕಡೆ ಫೋಟೋಕ್ಕೆ ಹಾರ ಬಿತ್ತೆಂದರೆ ಮುಗಿಯಿತು, ಮತ್ತೆ ಯಾರೂ ಏನೂ ಕೇಳುವುದಿಲ್ಲ. ದೊಡ್ಡಮ್ಮನನ್ನು ಕೊಲ್ಲಲು ಅವನಿಗೆ ಬೇಕಾದದ್ದು ಒಂದು ಮೊಳೆ, ಒಂದು ಹಾರ.

ಸೋಪಿನ ಪರಿಚಯವಾದದ್ದೂ ಅಲ್ಲಿಯೇ. ಶುಚಿತ್ವದ ನಿಯಮವಂತೆ. ದಿನಕ್ಕೆರಡು ಸಲ ನೊರೆ ಹಾಕಿ, ತಂತಿ ಬ್ರಷ್ಷಿನಿಂದ ನನ್ನ ಮೈಯನ್ನು ಉಜ್ಜಿದರು. ಕೊಟ್ರಮ್ಮ ವರ್ಷಗಟ್ಟಲೆ ಕಟ್ಟಿದ ಕಪ್ಪು ಚರ್ಮ ವಾರದಲ್ಲಿ ಚರಂಡಿ ಸೇರಿತು. ನಾನು ಬೂದು ಬಣ್ಣಕ್ಕೆ ತಿರುಗಿದೆ, ಮತ್ತೆ ಕಚ್ಚತೊಡಗಿದೆ. ಬಿಳಿ ಟೊಪ್ಪಿಗೆಯ ಅಡುಗೆಯವನು ಎಬ್ಬಿಸಿದ್ದೆಲ್ಲ ಚೂರು ಚೂರು.

"ಇದೇನಪ್ಪಾ, ದೋಸೆನಾ ಉಪ್ಪಿಟ್ಟಾ?" ಎಂದು ಟೈ ಕಟ್ಟಿದವನೊಬ್ಬ ಕೇಳಿದ.

"ಹೊಸ ಸ್ಟೈಲು ಸರ್," ಎಂದ ಅಡುಗೆಯವನು.

ಮೊದಮೊದಲು ಚರ್ಮವಿಲ್ಲದ್ದಕ್ಕೆ ಕಚ್ಚುತ್ತಿದ್ದೆ. ಆಮೇಲೆ ಕಚ್ಚುವುದರಲ್ಲೇ ಸುಖ ಕಂಡೆ. ಆದರೆ ಎಷ್ಟು ಹರಿದರೂ ಸಿದ್ದಲಿಂಗೇಶನಿಗೆ ನೋವಾಗುತ್ತಿರಲಿಲ್ಲ. ಅವನು ನನ್ನ ದೋಸೆಯನ್ನು ತಿನ್ನುತ್ತಲೇ ಇರಲಿಲ್ಲ. ಪ್ರತಿ ಸೋಮವಾರ ಮುಂಬೈ ವಿಮಾನ ಹಿಡಿಯುವ ಮುಂಚೆ ಲೌಂಜಿಗೆ ಬರುತ್ತಿದ್ದ, ಏಪ್ರನ್ ಕಟ್ಟಿಕೊಂಡು ಗಾಜಿನ ಹಿಂದೆ ನಿಲ್ಲುತ್ತಿದ್ದ, ಫೋಟೋಕ್ಕೆ ಕೈ ಮುಗಿದು, "ಅಮ್ಮ ನನಗೆ ಎಲ್ಲಾ ಕಲಿಸಿದ್ದು ಇದೇ ಹಂಚಿನ ಮೇಲೆ" ಎಂದು ಪ್ರಯಾಣಿಕರಿಗೆ ಹೇಳುತ್ತಿದ್ದ. ಅವನು ನನ್ನ ಮೇಲೆ ಒಂದು ಸೌಟು ಹಿಟ್ಟನ್ನೂ ಹೊಯ್ದವನಲ್ಲ.

ಒಂದು ಸೋಮವಾರ ಮುರಿಗೆಪ್ಪ ಸಾವ್ಕಾರರು ಬಂದರು. ದಾವಣಗೆರೆಯ ಬಟ್ಟೆ ವ್ಯಾಪಾರಿ. ಕೊಟ್ರಮ್ಮನ ಹೋಟೆಲಿನ ಗೋಡೆಬದಿಯ ಬೆಂಚು ಅವರದೇ ಅನ್ನುವಷ್ಟು ಹಳೆಯ ಗಿರಾಕಿ, ಈಚೆಗೆ ಖರೀದಿಗೆಂದು ಊರೂರು ತಿರುಗುತ್ತಿದ್ದವರು. ತಟ್ಟೆ ಹಿಡಿದು ಬಂದವರು ಫೋಟೋ ನೋಡಿ ನಿಂತುಬಿಟ್ಟರು.

"ಲೇ ಸಿದ್ಲಿಂಗಾ, ಕೊಟ್ರಮ್ಮಗ ಯಾಕಲೇ ಹಾರ?"

ಸಿದ್ದಲಿಂಗೇಶನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಆದರೆ ಸುತ್ತ ಜನ ಇದ್ದರು.

"ದೊಡ್ಡಮ್ಮ ಹೋದ್ರು ಕಾಕಾ. ನಿದ್ದ್ಯಾಗ. ಯಾರಿಗೂ ತ್ರಾಸು ಕೊಡ್ಲಿಲ್ಲ."

"ಅಯ್ಯೋ ಶಿವನೇ! ಮಣ್ಣು ಕೊಡಾಕೂ ಬರ್ಲಿಲ್ಲಲ್ಲೋ ನಾನು. ಒಂದು ಫೋನು ಮಾಡ್ಬಾರ್ದೇನೋ?" ಸಾವ್ಕಾರರು ಟವೆಲಿನಿಂದ ಕಣ್ಣು ಒರೆಸಿಕೊಂಡರು. ನನ್ನ ಹರಕು ದೋಸೆಯನ್ನು ಮುಟ್ಟದೆ ತಟ್ಟೆ ಅಲ್ಲೇ ಇಟ್ಟು ಹೋದರು.

ಮುಂದಿನ ಸೋಮವಾರ ಸಿದ್ದಲಿಂಗೇಶ ಹೊಸ ಶರ್ಟು ಹಾಕಿಕೊಂಡು ಬಂದ. ಜೊತೆಯಲ್ಲಿ ಕಂಪನಿಯ ಇಬ್ಬರು ದೊಡ್ಡವರು. ಕೊಟ್ರಮ್ಮನ ಹೆಸರಿನ ಅಂಗಡಿಯನ್ನು ಬೇರೆ ನಿಲ್ದಾಣಗಳ ಲೌಂಜುಗಳಿಗೂ ಒಯ್ಯಬೇಕೇ ಎಂದು ನೋಡಲು ಬಂದವರು. ಅವನು ಏಪ್ರನ್ ಕಟ್ಟಿ, ಕೈ ಮುಗಿದು, ಅಮ್ಮನ ಕೊನೆಯ ಗಳಿಗೆಯನ್ನು ವರ್ಣಿಸುತ್ತಿದ್ದ. ಅಷ್ಟರಲ್ಲಿ ಗಾಜಿನ ಬಾಗಿಲು ಸರಿಯಿತು. ಮುರಿಗೆಪ್ಪ ಸಾವ್ಕಾರರು ಬಂದರು. ಅವರ ಹಿಂದೆ ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ, ಕಪ್ಪು ಕನ್ನಡಕ, ಕೈಯಲ್ಲಿ ಬೋರ್ಡಿಂಗ್ ಪಾಸು.

ಕೊಟ್ರಮ್ಮ.

ಅವಳು ನೆಟ್ಟಗೆ ಫೋಟೋದ ಮುಂದೆ ಬಂದು ನಿಂತಳು. ಕನ್ನಡಕ ತೆಗೆದು ನೋಡಿದಳು.

"ಹಾರ ಚಲೋ ಐತಿ," ಎಂದಳು. "ಬದುಕಿದ್ದಾಗ ಒಂದು ಮೊಳ ಮಲ್ಲಿಗೆ ತಂದ್ಕೊಟ್ಟೋನಲ್ಲ."

ಲೌಂಜಿನ ಮೇಲ್ವಿಚಾರಕಿ ಶೆರಿಲ್ ಓಡಿಬಂದಳು. ಫೋಟೋ ನೋಡಿದಳು, ಮುದುಕಿಯನ್ನು ನೋಡಿದಳು. "ಅಮ್ಮಾ, ನೀವು..."

"ಈ ಸಾವ್ಕಾರ್ರು ನಮ್ಮನೀಗೆ ಮಾತಾಡ್ಸಾಕ ಬಂದಿದ್ರು ತಾಯಿ," ಎಂದಳು ಕೊಟ್ರಮ್ಮ. ಸಾವಾದ ಮನೆಗೆ ಹೋಗಿ ಉಳಿದವರನ್ನು ಮಾತಾಡಿಸಿ ಬರುವುದು ನಮ್ಮಲ್ಲಿ ಪದ್ಧತಿ. "ನಾನೇ ಬಾಗ್ಲು ತೆಗದೆ. ಪುಣ್ಯಾತ್ಮ ಹೊಸ್ತಿಲ ಮ್ಯಾಲೇ ಕುಸುದು ಕುಂತ್ರು. ನೀರು ಕೊಟ್ಟು ಎಬ್ಬಿಸ್ದೆ. ಹಂಚು, ಬೋರ್ಡು ರಿಪೇರಿಗೆ ಒಯ್ದೀನಿ ಅಂತ ಈ ಸಿದ್ಲಿಂಗ ಹೇಳಿದ್ದನ್ನ ನಂಬಿ ಕುಂತಿದ್ದೆ. ನಾನು ಸತ್ತೆ ಅಂತ ಅತ್ತೋರು ಇವ್ರೊಬ್ರೇ ನೋಡು."

"ಟಿಕೇಟು ಇಲ್ಲದೆ ಇಲ್ಲಿ ಬಿಡಲ್ವಂತಲ್ಲ," ಎಂದರು ಮುರಿಗೆಪ್ಪ. "ಅದ್ಕೇ ಮುಂಬೈ ಖರೀದಿಗೆ ಇಕಿನ್ನೂ ಕರ್ಕಂಡು ಹೊಂಟೀನಿ. ಜವಳಿ ನೋಡೋ ಕಣ್ಣು ಈಗ ಚೊಕ್ಕ ಆಗೈತಿ."

ಸಿದ್ದಲಿಂಗೇಶ ಕಂಪನಿಯ ದೊಡ್ಡವರ ಕಡೆ ತಿರುಗಿ ನಕ್ಕ. "ಸರ್, ಇವರು ಅಮ್ಮನ ತಂಗಿ. ನೋಡೋಕೆ ಒಂದೇ ಥರ. ಅಮ್ಮ ಹೋದ್ಮೇಲೆ ಪಾಪ, ತಲೆ ಸ್ವಲ್ಪ..." ಬೆರಳನ್ನು ಕಿವಿಯ ಹತ್ತಿರ ತಿರುಗಿಸಿದ.

ಎರಡನೆಯ ಸಲ ಕೊಂದ. ಈ ಸಲ ಅವಳ ಕಣ್ಣೆದುರಿಗೇ.

ಕೊಟ್ರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಗಾಜಿನ ಅಡ್ಡಗೋಡೆಯನ್ನು ಸುತ್ತಿಕೊಂಡು ಒಳಗೆ ಬಂದಳು. ಅವಳು ಸೆರಗು ಸಿಕ್ಕಿಸಿದರೆ ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಹಿಂದೆ ಸರಿದ. ಇನ್ನೂ ಸರಿದ. ಆಸರೆಗೆಂದು ಬಲಗೈಯನ್ನು ಹಿಂದಕ್ಕೆ ಚಾಚಿದ.

ಅಲ್ಲಿ ನಾನಿದ್ದೆ. ಕಟ್ಟಿಗೆಯ ಒಲೆಯಾಗಿದ್ದರೆ ಉರಿ ಕಾಣುತ್ತಿತ್ತು, ಹೊಗೆ ಎಚ್ಚರಿಸುತ್ತಿತ್ತು, ಆ ಒಲೆಯ ಮುಂದೆ ಬೆಳೆದ ಅವನು ಹುಷಾರಾಗುತ್ತಿದ್ದ. ಕರೆಂಟಿನ ಒಲೆಯ ಮೇಲೆ ಕಾದ ಹಂಚು ಸುಮ್ಮನೆ ಬೂದಾಗಿ ಕೂತಿರುತ್ತದೆ. ನಾನು ಅವನನ್ನು ಎಳೆಯಲಿಲ್ಲ. ಎಳೆಯುವ ಶಕ್ತಿಯಿದ್ದಿದ್ದರೆ ವ್ಯಾನಿನಲ್ಲೇ ಎಳೆಯುತ್ತಿದ್ದೆ. ಅವನ ಅಂಗೈ ಪೂರ್ತಿ ನನ್ನ ಮೇಲೆ ಕೂತಿತು. ನಾನು ಕಚ್ಚಿದೆ. ಸೋಪು ಹಾಕಿ ನನಗೆ ಹಲ್ಲು ಬರಿಸಿದವರು ಅವರೇ.

ಅವನ ಕೂಗಿಗೆ ಲೌಂಜಿನಲ್ಲಿ ಕಾಫಿ ಬಟ್ಟಲುಗಳು ಅಲುಗಿದವು. ನನ್ನ ಬಾಳಿನಲ್ಲಿ ಅಂಥ ಇಂಪಾದ ಸದ್ದನ್ನು ನಾನು ಕೇಳಿಲ್ಲ. ಬೆಣ್ಣೆ ಬಿದ್ದಾಗಿನ ಚುರ್ ಸದ್ದೂ ಅದರ ಮುಂದೆ ಏನೂ ಅಲ್ಲ.

ಕೊಟ್ರಮ್ಮ ಅವನ ಮಣಿಕಟ್ಟನ್ನು ಗಪ್ಪನೆ ಹಿಡಿದಳು. ಪಕ್ಕದಲ್ಲಿದ್ದ ದೋಸೆ ಹಿಟ್ಟಿನ ಪಾತ್ರೆಯೊಳಗೆ ಕೈಯನ್ನು ಮೊಣಕೈವರೆಗೆ ಅದ್ದಿದಳು. ಸುಟ್ಟ ಕೈಗೆ ತಣ್ಣನೆಯ ಹಿಟ್ಟು: ನಮ್ಮ ಹೋಟೆಲುಗಳಲ್ಲಿ ಎಲ್ಲರೂ ಮೊದಲು ಮಾಡುವುದು ಅದನ್ನೇ. ನನಗೆ ಸಿಟ್ಟು ಬಂತು. ನನ್ನ ಸೇಡನ್ನು ತಣ್ಣಗೆ ಮಾಡುತ್ತಿದ್ದಾಳಲ್ಲ! ಆದರೆ ಅವಳು ಕೈ ಬಿಡಲಿಲ್ಲ. ಅವನು ಕೊಸರಿದ. ಹಿಟ್ಟು ರುಬ್ಬಿ ರುಬ್ಬಿ ಗಟ್ಟಿಯಾದ ಕೈ ಅದು.

"ಉರೀತೈತೇನು?" ಎಂದು ಮೆಲ್ಲಗೆ ಕೇಳಿದಳು.

"ಹ್ಞೂ... ಹ್ಞೂ..."

"ನಾನು ಯಾರು ಹೇಳು."

"ದೊಡ್ಡಮ್ಮ... ಬಿಡು..."

"ಆ ಟೈನೋರಿಗೆ ಕೇಳ್ಲಿ. ಹೆಸರು ಹೇಳು."

"ಕೊಟ್ರಮ್ಮ! ನಮ್ಮ ದೊಡ್ಡಮ್ಮ ಕೊಟ್ರಮ್ಮ!"

"ಸತ್ತೀನಾ?"

ಅವನು ಅಳುತ್ತಿದ್ದ. "ಇಲ್ಲ. ಬದುಕೀಯಾ."

"ಹಂಗಂದ್ರೆ ಆ ಹಾರ ಯಾರಿಗಲೇ ಹಾಕಿದ್ದು?"

ಕಂಪನಿಯ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯನು ಬೋರ್ಡಿನ ಕಡೆ ಬೆರಳು ತೋರಿಸಿ ಶೆರಿಲ್‌ಗೆ ಹೇಳಿದ: "ಇವತ್ತೇ ತೆಗೆಸಿ." ಕೊಟ್ರಮ್ಮ ಮಣಿಕಟ್ಟು ಬಿಟ್ಟಳು. ಸಿದ್ದಲಿಂಗೇಶ ಹಿಟ್ಟು ಸುರಿಯುವ ಕೈಯನ್ನು ಎತ್ತಿ ಹಿಡಿದುಕೊಂಡು, ಗಂಬಳಿಯ ಮೇಲೆ ಬಿಳಿ ಹನಿಗಳನ್ನು ಬಿಡುತ್ತಾ ಹೊರಗೆ ಹೋದ. ಮತ್ತೆ ಆ ಬಾಗಿಲಿನಲ್ಲಿ ಅವನು ಬರಲಿಲ್ಲ.

ಕಥೆ ಇಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಗೆದ್ದಿದ್ದೆ. ಅವಳು ನನ್ನ ಕಡೆ ತಿರುಗಲೆಂದು, "ಮೂದೇವಿ" ಎಂದು ಒಮ್ಮೆ ಬಯ್ಯಲೆಂದು ಕಾದೆ.

ಅವಳು ತಿರುಗಿದಳು. ಹಾರವನ್ನು ಫೋಟೋದಿಂದ ಕಿತ್ತು ಕೈಯಲ್ಲಿ ಹಿಡಿದಿದ್ದಳು. ಬಗ್ಗಿ, ದೋಸೆ ಎಬ್ಬಿಸುವ ಎತ್ತುಕದ ತುದಿಯಿಂದ ನನ್ನ ಮೈಯನ್ನು ಕೆರೆದಳು. ಬೂದು ಪುಡಿ ಎದ್ದಿತು.

"ಸೋಪು ಹಾಕ್ತೀರೇನಪ್ಪಾ ಇದಕ್ಕ?"

"ದಿನಾ ಎರಡು ಸಲ ಅಮ್ಮಾ. ರೂಲ್ಸು," ಎಂದ ಅಡುಗೆಯವನು.

"ಒಯ್ದುಬಿಡಣೇನು?" ಎಂದು ಮುರಿಗೆಪ್ಪ ಕೇಳಿದರು. "ನಾನು ಇವ್ರ ಹತ್ರ ಮಾತಾಡ್ತೀನಿ."

ಕೊಟ್ರಮ್ಮ ತಲೆಯಾಡಿಸಿದಳು. "ಏನು ಮಾಡದೈತಿ ಒಯ್ದು. ಸತ್ತೈತಿ ಇದು."

ಹಾಗೆಂದು ಗಂಧದ ಹಾರವನ್ನು ನನ್ನ ಮೇಲೆ ಹಾಕಿದಳು. ಕಣ್ಣಿಗೆ ಸೆರಗು ಒತ್ತಿಕೊಂಡಳೋ ಏನೋ, ನಾನು ನೋಡಲಿಲ್ಲ. ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸತ್ತಿಲ್ಲ ಎಂದು ಕೂಗಬೇಕಿತ್ತು. ನನಗೆ ಗೊತ್ತಿರುವ ಭಾಷೆ ಒಂದೇ. ಹಾರದ ಅಂಚು ಕಂದಿತು, ಕರಕಾಯಿತು, ಹೊಗೆ ಎದ್ದಿತು. ಛಾವಣಿಯಲ್ಲಿ ಕೆಂಪು ದೀಪ ಹತ್ತಿ ಗಂಟೆ ಅರಚತೊಡಗಿತು. ದುಬಾರಿ ಟಿಕೇಟಿನವರು ತಟ್ಟೆ ಬಿಟ್ಟು, ಚೀಲ ಎಳೆದುಕೊಂಡು ಬಾಗಿಲಿಗೆ ನುಗ್ಗಿದರು. ಆ ಗದ್ದಲದಲ್ಲಿ ಕೊಟ್ರಮ್ಮ ಸಾವ್ಕಾರರ ಹಿಂದೆ ನಡೆದು ಹೋದಳು. ತಿರುಗಿ ನೋಡಲಿಲ್ಲ.

ಈಗ ನಾನು ನಿಲ್ದಾಣದ ನೆಲಮಾಳಿಗೆಯ ಉಗ್ರಾಣದಲ್ಲಿದ್ದೇನೆ. ಚಕ್ರ ಮುರಿದ ತಳ್ಳುಗಾಡಿಗಳು, ಸ್ಪ್ರಿಂಗು ಹೊರಬಂದ ಲೌಂಜಿನ ಕುರ್ಚಿಯೊಂದು ನನ್ನ ನೆರೆಹೊರೆ. ಮೈಮೇಲೆ ತುಕ್ಕು ಹತ್ತಿದೆ. ಗುಜರಿಯವನು ಇಂದೋ ನಾಳೆಯೋ ಬರುತ್ತಾನೆ. ಕರಗುವುದಕ್ಕೆ ನನಗೆ ಭಯವಿಲ್ಲ.

ಸಿದ್ದಲಿಂಗೇಶನ ಮೇಲೆ ನನಗೀಗ ಸಿಟ್ಟಿಲ್ಲ. ಅವನ ಅಂಗೈ ಸಾಕು. ನನ್ನ ಸಿಟ್ಟೆಲ್ಲ ಅವಳ ಮೇಲಿದೆ. ಬದುಕಿದ್ದಾಗಲೇ ಹಾರ ಬಿದ್ದರೆ ಹೇಗಿರುತ್ತದೆಂದು ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅವಳಿಗೆ ಗೊತ್ತಿತ್ತು. ಅವಳ ಪರವಾಗಿ ವಿಮಾನದ ಟಿಕೇಟು ಕೊಳ್ಳಲು ಒಬ್ಬ ಸಾವ್ಕಾರರಿದ್ದರು. ನನಗೆ ಯಾರಿದ್ದಾರೆ? ಒಂದು ಸಲ ಕೆರೆದು ನೋಡಿ ನನ್ನನ್ನು ಸತ್ತವರ ಸಾಲಿಗೆ ಸೇರಿಸಿ ಹೋದಳು.

ಬರಲಿ. ಗುಜರಿಯವನಿಗಿಂತ ಮುಂಚೆ ಅವಳು ಬರಲಿ. ನನ್ನ ಕೆಳಗೆ ಉರಿ ಹಚ್ಚಲಿ. ಆಮೇಲೆ ಎತ್ತುಕದ ತುದಿಯಿಂದಲ್ಲ, ಬರಿಗೈಯಿಂದ ಮುಟ್ಟಿ ನೋಡಲಿ.