ಗುರ್ಕಾರರ ಪ್ರಾರ್ಥನೆಗಳು

ಅಳದಂಗಡಿ ಕಡೆಯ ಇಗರ್ಜಿಯೊಂದರಲ್ಲಿ ಲಿಗೋರಿ ಪೊರ್ಬುಗಳು ಗುರ್ಕಾರರು. ಇಗರ್ಜಿಯ ಒಂದು ಭಾಗವಾದ ತಮ್ಮ ವಾಳೆಯ ಮನೆಗಳವರು ಪೂಜೆಗೆ ಬರುತ್ತಾರೋ, ಸಂಜೆ ಜಪಮಾಲೆ ಹಿಡಿದು ತೇರ್ಸ ಹೇಳುತ್ತಾರೋ ಎಂದು ವಿಚಾರಿಸುವುದು ಅವರ ಕೆಲಸ. ಅದನ್ನು ಅವರು ಮನಸ್ಸಿಟ್ಟೇ ಮಾಡುತ್ತಿದ್ದರು. ಭಾನುವಾರದ ಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಗಳನ್ನು ಬರೆದು ಓದುವವರೂ ಅವರೇ. ಯಾರ ಆತ್ಮಕ್ಕೆ ಏನು ಬೇಕೆಂದು ತಮಗೆ ಚೆನ್ನಾಗಿ ಗೊತ್ತು ಎಂದು ಅವರು ನಂಬಿದ್ದರು.

ತಪಸ್ಸುಕಾಲ ಬಂತು. ಹೊಸ ಫಾದರ್ ಗುರ್ಕಾರರನ್ನೆಲ್ಲ ಕೂಡಿಸಿ, "ಇಗರ್ಜಿಗೆ ಬರುವುದು ಬಿಟ್ಟ ಒಬ್ಬರನ್ನಾದರೂ ಈಸ್ಟರಿಗೆ ಮೊದಲು ಕರೆದುಕೊಂಡು ಬನ್ನಿ," ಎಂದರು. ಪೊರ್ಬುಗಳು ಮರುದಿನವೇ ಪೇಟೆಯ ಪಂಪ್ ರಿಪೇರಿ ಅಂಗಡಿಗೆ ಹೋದರು. ಅಂಗಡಿಯ ಜೋಕಿಂ ವರ್ಷದಿಂದ ಇಗರ್ಜಿಯ ಮೆಟ್ಟಿಲು ಹತ್ತಿರಲಿಲ್ಲ.

"ಜೋಕಿಂ, ದೇವರ ಮೇಲೆ ಏನಾದರೂ ಸಿಟ್ಟು ಉಂಟಾ?"

"ದೇವರ ಮೇಲೆ ಇಲ್ಲ," ಎಂದ ಜೋಕಿಂ, ಮೋಟಾರಿನಿಂದ ತಲೆ ಎತ್ತದೆ. "ನಿಮ್ಮ ಮೇಲೆ ಉಂಟು."

"ನಾನೇನು ಮಾಡಿದೆ?"

"ತಂಗಿಯ ಮಗಳ ಮದುವೆಯ ಮುನ್ನಾದಿನದ ರೋಸಿಗೆ ಅಂತ ತಲೆಗೆ ಬಣ್ಣ ಹಾಕಿದ್ದೆ. ಆ ಭಾನುವಾರ ನೀವು ಓದಿದಿರಿ, 'ಕೂದಲು ಕಪ್ಪು ಮಾಡಿ ಪ್ರಾಯ ಮರೆಸುವವರು ಮರಣವನ್ನು ಮರೆಯದಿರಲಿ ಎಂದು ಪ್ರಾರ್ಥಿಸೋಣ.' ಇಡೀ ಇಗರ್ಜಿ ನನ್ನ ತಲೆ ನೋಡಿತು."

"ನಾನು ಹೆಸರು ಹೇಳಲಿಲ್ಲವಲ್ಲ."

"ಹೇಳುವುದು ಯಾಕೆ ಮಾರಾಯ್ರೆ? ಹಿಂದಿನ ವಾರ ಬೆಳ್ಳಗಿದ್ದು ಈ ವಾರ ಕಪ್ಪಾದ ತಲೆ ಅಲ್ಲಿ ನನ್ನದೊಂದೇ."

ಪೊರ್ಬುಗಳು ಮನೆಗೆ ಬಂದು ಹೆಂಡತಿ ಸೆವ್ರಿನ್ ಬಾಯಿಯ ಹತ್ತಿರ ದೂರಿಕೊಂಡರು. "ಅವನ ಒಳ್ಳೆಯದಕ್ಕೇ ಓದಿದ್ದು. ಅರ್ಥವೇ ಆಗಲಿಲ್ಲ ಅವನಿಗೆ."

"ನನಗೆ ಅರ್ಥ ಆಗಿದೆ," ಎಂದರು ಬಾಯಿ. "'ಧಾರಾವಾಹಿ ನೋಡುತ್ತ ಸಾರಿಗೆ ಎರಡು ಸಲ ಉಪ್ಪು ಹಾಕುವ ಗೃಹಿಣಿಯರಿಗಾಗಿ' ಎಂದು ಓದಿದ್ದು ಯಾರಿಗಾಗಿ?"

"ಅದು ಎಲ್ಲ ಗೃಹಿಣಿಯರಿಗೆ."

"ಹೌದಾ? ಆ ದಿನ ಮನೆಗೆ ಬಂದು ಸಾರಿನ ರುಚಿ ನೋಡಿ, 'ಪ್ರಾರ್ಥನೆ ಫಲಿಸಿತು' ಅಂದಿರಿ."

ಪೊರ್ಬುಗಳಿಗೆ ಊಟ ಸೇರಲಿಲ್ಲ. ಯಾರ್‍ಯಾರಿಗಾಗಿ ಪ್ರಾರ್ಥಿಸಿದೆ ಎಂದು ನೆನೆಯುತ್ತ ಹೋದರು. ಓದಿ ಮುಗಿಸಿದಾಗಲೆಲ್ಲ ತಾನು ಕಣ್ಣು ಮುಚ್ಚಿರಲಿಲ್ಲ, ಏಟು ಬಿತ್ತೋ ಇಲ್ಲವೋ ಎಂದು ಅವರು ಕೂತ ಬೆಂಚಿನ ಕಡೆ ನೋಡುತ್ತಿದ್ದೆ ಎಂಬುದು ಹೊಳೆದಾಗ ಅವರಿಗೆ ನಾಚಿಕೆಯಾಯಿತು. ಅವರಲ್ಲಿ ಒಬ್ಬರಿಗಾಗಿಯೂ ಮನೆಯಲ್ಲಿ ಮೊಣಕಾಲೂರಿದ ನೆನಪಿರಲಿಲ್ಲ.

ಭಾನುವಾರ ಅವರು ಒಂದೇ ಪ್ರಾರ್ಥನೆ ಬರೆದುಕೊಂಡು ಹೋದರು. "ಪ್ರಾರ್ಥನೆಯ ನೆವದಲ್ಲಿ ಪರರ ಹುಳುಕು ಸಾರಿ, ಒಬ್ಬನನ್ನು ನಿನ್ನ ಆಲಯದಿಂದಲೇ ಓಡಿಸಿದವರಿಗೆ ಒಳ್ಳೆಯ ಬುದ್ಧಿ ಕೊಡು."

ಜನರು ಅಭ್ಯಾಸಬಲದಿಂದ ಹಿಂದೆ ತಿರುಗಿದರು. ಯಾರೆಂದು ಹುಡುಕಿದ ಕಣ್ಣುಗಳೆಲ್ಲ ಕೊನೆಗೆ ಫೆಲ್ಸಿ ಬಾಯಿಯ ಮೇಲೆ ನಿಂತವು. ಊರಿನ ಸುದ್ದಿಯೆಲ್ಲ ಹೊರಡುವುದು ಅವರ ಜಗಲಿಯಿಂದಲೇ. ಫೆಲ್ಸಿ ಬಾಯಿ ಮುಖ ಕೆಂಪು ಮಾಡಿಕೊಂಡು ಅರ್ಧ ಎದ್ದರು.

"ಅವರಲ್ಲ," ಎಂದರು ಪೊರ್ಬುಗಳು ಮೈಕಿನಲ್ಲಿ. "ನಾನು. ಲಿಗೋರಿ."

ಕಣ್ಣುಗಳೆಲ್ಲ ಮೈಕಿನ ಕಡೆ ತಿರುಗಿದವು. ಆಮೇಲೆ "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು" ಎಂದು ಜನ ಎಷ್ಟು ಮನಃಪೂರ್ವಕವಾಗಿ ಕೂಗಿದರೆಂದರೆ, ಮಾಡಿನ ಪಾರಿವಾಳಗಳು ಹಾರಿಹೋದವು. ಫಾದರ್ ಕೆಮ್ಮುತ್ತ ಆಚೆ ತಿರುಗಿದರು.

ಪೂಜೆ ಮುಗಿದದ್ದೇ ಪೊರ್ಬುಗಳು ಜೋಕಿಮನ ಮನೆಗೆ ಹೋದರು. "ಕರೆಯಲು ಬಂದದ್ದಲ್ಲ. ತಪ್ಪಾಯ್ತು ಅಂತ ಹೇಳಿ ಹೋಗುವ ಅಂತ ಬಂದೆ."

"ಫೆಲ್ಸಿ ಬಾಯಿ ಆಗಲೇ ಫೋನ್ ಮಾಡಿದ್ದಾರೆ," ಎಂದು ಜೋಕಿಂ ನಕ್ಕ. "ಕೂತುಕೊಳ್ಳಿ. ಚಾ ಕುಡಿಯುವ."

ಮುಂದಿನ ಭಾನುವಾರ ಜೋಕಿಂ ಬಂದ. ಬಂದು ಪೊರ್ಬುಗಳ ಪಕ್ಕದಲ್ಲೇ ಕೂತು, ಫಾದರರ ಪ್ರಸಂಗ ಶುರುವಾಗುತ್ತಲೇ ತೂಕಡಿಸತೊಡಗಿದ. ಪೊರ್ಬುಗಳ ಮೊಣಕೈ ತಿವಿಯಲು ತನ್ನಷ್ಟಕ್ಕೇ ಮೇಲೆದ್ದಿತು. ಅವರು ಅದನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು, ಮೊದಲ ಬಾರಿಗೆ ಕಣ್ಣು ಮುಚ್ಚಿ ಅವನಿಗಾಗಿ ಬೇಡಿಕೊಂಡರು.