ಮೂರನೆಯ ತೋಟಾ

ಕೊಮಾಕ್ಕಿಯೊದ ಜೌಗಿನಲ್ಲಿ ಬಾತುಗಳು ತಪ್ಪಿಸಿಕೊಂಡಾಗಲೆಲ್ಲ ನಾನು ಅಪ್ಪನ ಜೋಡುನಳಿಗೆ ಕೋವಿಯನ್ನು ಬಯ್ಯುತ್ತಿದ್ದೆ. ನನ್ನನ್ನೇ ಬಯ್ದುಕೊಳ್ಳಲು ನನಗೇನು ಹುಚ್ಚೇ?

ಹೊಸದನ್ನು ಆರಿಸಲು ಭಾಮೈದ ಇವಾನೊನನ್ನು ಅಂಗಡಿಗೆ ಎಳೆದೊಯ್ದೆ. ಹೆಗಲಿಗೆ ಒದೆತ ಕಡಿಮೆಯೇ, ಕೆಸರಿನಲ್ಲಿ ಕೈಕೊಡುವುದಿಲ್ಲವೇ, ಭಾನುವಾರದ ಗುರಿಯಾಟದಲ್ಲಿ ಗಾಳಿಗೆ ಚಿಮ್ಮಿಸುವ ಮಣ್ಣಿನ ಬಿಲ್ಲೆ ಹೊಡೆಯಲೂ ಆದೀತೇ ಎಂದು ಅಂಗಡಿಯವಳ ತಲೆ ತಿಂದು, ಕೊನೆಗೊಂದು ಅರೆಸ್ವಯಂಚಾಲಿತ ಕೋವಿ ಕೊಂಡೆ. ಮೂರು ತೋಟಾ ಹಿಡಿಯುತ್ತದೆ. ಹಾರಿಸಿದಂತೆಲ್ಲ ಖಾಲಿ ತೋಟಾದ ಕೊಳವೆಯನ್ನು ತಾನೇ ಹೊರಗೆಸೆಯುತ್ತದೆ.

“ಮೂರನೇದು ಯಾತಕ್ಕೆ ಬಾವ?” ಅಂದ ಇವಾನೊ.

“ಮೊದಲೆರಡು ತಪ್ಪಿದ್ರೆ ಬೇಕಲ್ಲೋ!”

“ತಪ್ಪಿದ್ರೆ ಅಂತೀರಲ್ಲ, ನಿಮ್ಮ ಧೈರ್ಯ ಮೆಚ್ಚಬೇಕು.”

ಮರುದಿನ ಬೆಳಗ್ಗೆ ನಮ್ಮ ದೋಣಿಯ ಮೇಲೆ ಬಾತುಗಳು ಬಂದವು. ಮೂರೂ ಹಾರಿಸಿದೆ. ಅವು ಸಾಲು ಕೂಡ ಕೆಡಿಸದೆ ರವೆನ್ನಾ ಕಡೆಗೆ ಹೋದವು. ಅಷ್ಟರಲ್ಲಿ ನನ್ನ ನಾಯಿ ಬ್ರೀನಾ ನೀರಿಗೆ ಧುಮುಕಿತು.

“ಬಿತ್ತು ಕಣೋ, ಒಂದಾದ್ರೂ ಬಿತ್ತು!” ಎಂದು ನಾನು ಕುಣಿದ ಕುಣಿತಕ್ಕೆ ದೋಣಿ ಮಗುಚುವುದೊಂದು ಬಾಕಿ.

ಬ್ರೀನಾ ಈಜಿ ಬಂದು, ಬಾಲ ಅಲ್ಲಾಡಿಸುತ್ತ, ಖಾಲಿ ತೋಟಾದ ಕೊಳವೆಯೊಂದನ್ನು ನನ್ನ ಅಂಗೈಗೆ ಹಾಕಿತು. ಮತ್ತೆ ಹೋಗಿ ಇನ್ನೊಂದನ್ನು ತಂದಿತು. ವರ್ಷಗಟ್ಟಲೆ ಕಾದ ಬಡಪಾಯಿಗೆ, ನನ್ನ ಕೋವಿಯಿಂದ ಏನಾದರೂ ನೀರಿಗೆ ಬಿದ್ದದ್ದು ಇದೇ ಮೊದಲು.

ಕೊನೆಯದೂ ಬಂದ ಮೇಲೆ ಇವಾನೊ ಗಂಭೀರವಾಗಿ ಹೇಳಿದ: “ಕೋವಿ ಚೆನ್ನಾಗೇ ಆರಿಸಿದ್ದೀರಿ ಬಾವ. ಮೂರಕ್ಕೆ ಮೂರೂ ಸಿಕ್ತು.”