ಹುಳ ಹಣ್ಣಾದ ದಿನ ಕೂಗಿದ ಕಾರು

ಹುಳ ಹಣ್ಣಾದ ದಿನ ಯಾರೂ ನೆಂಟರ ಮನೆಗೆ ಹೋಗುವುದಿಲ್ಲ, ಯಾರನ್ನೂ ಮನೆಗೆ ಕರೆಯುವುದೂ ಇಲ್ಲ. ದೊಡ್ಡಆಲಹಳ್ಳಿ ಕಡೆಯ ರೇಷ್ಮೆ ಮನೆಗಳಲ್ಲಿ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಷ್ಟು ದಿನ ಹಗಲೂ ರಾತ್ರಿ ಸೊಪ್ಪು ಮೇಯ್ದ ಹುಳ ಒಂದು ಬೆಳಿಗ್ಗೆ ತಿನ್ನುವುದು ಬಿಟ್ಟು, ಮೈಯೆಲ್ಲ ಹೊಂಬಣ್ಣಕ್ಕೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಅದನ್ನು ಒಂದೊಂದಾಗಿ ಆಯ್ದು ಬಿದಿರಿನ ಸುರುಳಿ ತಟ್ಟಿಯಾದ ಚಂದ್ರಿಕೆಗೆ ಬಿಡಬೇಕು. ಹೊತ್ತು ಮುಳುಗುವಷ್ಟರಲ್ಲಿ ಬಿಡದಿದ್ದರೆ ಕಡ್ಡಿ ಕಸದ ಸಂದಿಯಲ್ಲೇ ನೂಲು ಸುತ್ತಿಕೊಂಡು ಕೂತುಬಿಡುತ್ತದೆ. ಅಂಥ ಗೂಡನ್ನು ಮಾರ್ಕೆಟ್ಟಿನಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ.

ಅಂಥ ದಿನವೇ ವೆಂಕಟಲಕ್ಷ್ಮಮ್ಮನ ಅಳಿಯ ಅಶ್ವಥ್ ಕಾರು ತೋರಿಸಲು ಬಂದ.

ಅವನು ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಕಾರು ಸೆಕೆಂಡ್ ಹ್ಯಾಂಡ್ ಆದರೂ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ. ಪಕ್ಕದಲ್ಲಿ ಹೆಂಡತಿ ಸಿರಿ ಕೂತಿದ್ದಳು. ಅಂಗಳದಲ್ಲಿ ಚಂದ್ರಿಕೆಗಳನ್ನು ಜೋಡಿಸಿದ್ದನ್ನು ಕಂಡ ಕೂಡಲೇ ಅವಳಿಗೆ ಅರ್ಥವಾಯಿತು.

"ಅಯ್ಯೋ, ಇವತ್ತೇ ಹಣ್ಣಾಯ್ತೇನವ್ವಾ? ಫೋನ್ ಮಾಡ್ಬಾರ್ದಿತ್ತಾ?"

"ಫೋನ್ ಹಿಡ್ಕೊಳಾಕೆ ಕೈ ಎಲ್ಲೈತೆ ಮಗಾ," ಎಂದಳು ವೆಂಕಟಲಕ್ಷ್ಮಮ್ಮ.

ಕೈಗಳದ್ದೇ ಚಿಂತೆ. ಊರಲ್ಲಿ ಇನ್ನೂ ಹಲವು ಮನೆಗಳಲ್ಲಿ ಅವತ್ತೇ ಹುಳ ಹಣ್ಣಾಗಿತ್ತು. ಹುಳ ಆಯುವ ಮಾರಮ್ಮನನ್ನೂ ಅವಳ ಗುಂಪಿನ ಹೆಂಗಸರನ್ನೂ ವೆಂಕಟಲಕ್ಷ್ಮಮ್ಮ ಕೋಳಿ ಕೂಗುವ ಮೊದಲೇ ಹೋಗಿ ಬಾಗಿಲು ಬಡಿದು ಕರೆತಂದಿದ್ದಳು. ಸಿರಿ ಸೀರೆ ಸೆರಗು ಸಿಕ್ಕಿಸಿದಳು. ಅಶ್ವಥ್ ತಾನೂ ಆಯುತ್ತೇನೆಂದ. ಮದುವೆಯಾಗಿ ವರ್ಷ ತುಂಬದ ಅಳಿಯನ ಕೈಲಿ ಕೆಲಸ ಮಾಡಿಸಿದರೆ ಊರು ಆಡಿಕೊಳ್ಳುತ್ತದೆ. ವೆಂಕಟಲಕ್ಷ್ಮಮ್ಮ ಬಾಯಲ್ಲಿ ಬೇಡ ಬೇಡ ಎಂದಳು, ಕಣ್ಣಲ್ಲಿ ಅವನ ಎರಡು ಕೈಗಳನ್ನು ಅಳೆದಳು.

"ಆಯ್ತು ಬನ್ನಿ. ಆದ್ರೆ ಈ ಸೆಂಟಿನ ಬಟ್ಟೇಲಿ ಬ್ಯಾಡ. ಹುಳಕ್ಕೆ ಸೆಂಟು ಆಗಲ್ಲ. ನಿಮ್ಮಾವಂದು ಲುಂಗಿ ಐತೆ, ಉಟ್ಕಂಡು ಬನ್ನಿ."

ಅವನು ಮಾವನ ಲುಂಗಿ ಉಟ್ಟು, ಬ್ಲೀಚಿಂಗ್ ನೀರಲ್ಲಿ ಕೈ ತೊಳೆದು ಹುಳದ ಮನೆಯೊಳಗೆ ಬಂದ. ವೆಂಕಟಲಕ್ಷ್ಮಮ್ಮನ ಗಂಡ ರಾಮಲಿಂಗಯ್ಯ ಹೊರಗೆ ಚಂದ್ರಿಕೆ ಹೊರುತ್ತಿದ್ದ. ಕೆಲಸ ಹದಕ್ಕೆ ಬಂತು ಅನ್ನುವಾಗ ಹೊಂಗೆ ಮರದಡಿ ನಿಲ್ಲಿಸಿದ್ದ ಕಾರು ಊರು ಹಾರಿಹೋಗುವಂತೆ ಕೂಗಿಕೊಂಡಿತು.

ಎಲ್ಲರೂ ಹೊರಗೆ ಓಡಿದರು. ಕಾರಿನ ಹತ್ತಿರ ಯಾರೂ ಇಲ್ಲ. ಅಶ್ವಥ್ ಕೀ ಗೊಂಚಲಿನ ರಿಮೋಟ್ ಒತ್ತಿದ, ಸುಮ್ಮನಾಯಿತು.

"ಹೊಂಗೆಕಾಯಿ ಬಿದ್ದಿರ್ಬೇಕು," ಎಂದ. ಕಾರನ್ನು ಬಿಸಿಲಿಗೆ ತಂದು ನಿಲ್ಲಿಸಿದ. ಎಲ್ಲರೂ ಮತ್ತೆ ಕೈ ತೊಳೆದು ಒಳಗೆ ಹೋದರು.

ಒಸಿ ಹೊತ್ತಿಗೆ ಮತ್ತೆ ಕೂಗಿತು. ಈ ಸಲ ಬೆಕ್ಕಿನ ಮೇಲೆ ಗುಮಾನಿ. ಬೆಕ್ಕು ಒಲೆ ಪಕ್ಕದಲ್ಲಿ ಮಲಗಿತ್ತು, ಪಾಪ. ಮೂರನೇ ಸಲ ಕೂಗಿದಾಗ ಪಕ್ಕದ ಮನೆಯಿಂದ ಮೈದುನ ಕೆಂಪರಾಜು ಬಂದ.

"ಏನ್ ಅಳಿಮಯ್ಯ, ಕಾರಿಗೆ ಹಸಿವಾಗೈತಾ? ಸೊಪ್ಪು ಹಾಕು ಒಸಿ."

ಹೆಂಗಸರು ನಕ್ಕರು. ಅಶ್ವಥ್‌ನ ಕಿವಿ ಕೆಂಪಾಯಿತು.

"ಸೊಪ್ಪಲ್ಲ, ಕಣ್ಣಾಗೈತೆ," ಎಂದಳು ಮಾರಮ್ಮ. "ರೋಡಿನುದ್ದಕ್ಕೂ ಜನ ನೋಡವ್ರೆ. ಉಪ್ಪು ಮೆಣಸಿನಕಾಯಿ ತತ್ತಾ ಸಿರಿ."

ಕಾರಿಗೆ ದೃಷ್ಟಿ ತೆಗೆದದ್ದೂ ಆಯಿತು. ಉಪ್ಪು ಮೆಣಸಿನಕಾಯಿ ಬೆಂಕಿಗೆ ಬಿದ್ದು ಚಟಪಟ ಅನ್ನುವವರೆಗೂ ಅಶ್ವಥ್ ಕಾರಿನ ಪಕ್ಕ ಕೈಕಟ್ಟಿ ನಿಂತಿದ್ದ. ಕಾರು ಕುಯ್ಯೆನ್ನಲಿಲ್ಲ. ಮಾರಮ್ಮ ಗೆದ್ದವಳ ಹಾಗೆ ಕೈ ತೊಳೆದಳು. ಎಲ್ಲರೂ ಒಳಗೆ ಹೋಗಿ ಬಗ್ಗಿ ಹುಳಕ್ಕೆ ಕೈ ಹಾಕುವಷ್ಟರಲ್ಲಿ ಮತ್ತೆ ಶುರುವಾಯಿತು.

ಬಿಸಿಲು ಗೋಡೆಯಿಂದ ಇಳಿದು ಅಂಗಳದ ನಡುವಿಗೆ ಬಂದಿತ್ತು. ಹುಳ ಮೇಯಿಸುವ ಅಟ್ಟಣಿಗೆಯ ಅಂಚಿನಲ್ಲೆಲ್ಲ ಹಣ್ಣು ಹುಳ ತಲೆಯೆತ್ತಿ ತೂಗುತ್ತಿದ್ದವು. ಕೆಲವು ಆಗಲೇ ಕಡ್ಡಿಗೆ ಎಳೆ ಸುತ್ತತೊಡಗಿದ್ದವು. ಹುಳಕ್ಕೆ ಕಿವಿಯಿಲ್ಲ, ಅದಕ್ಕೆ ಕೂಗಿನ ಹಂಗಿಲ್ಲ ಎಂದು ವೆಂಕಟಲಕ್ಷ್ಮಮ್ಮನಿಗೆ ಗೊತ್ತು. ಕಿವಿ ಇರುವುದು ಮನುಷ್ಯರಿಗೆ. ಒಂದು ಸಲ ಹೊರಗೆ ಓಡಿದರೆ ನೋಡುವುದು, ನಗುವುದು, ಎಲೆಯಡಿಕೆ, ಮತ್ತೆ ಕೈ ತೊಳೆಯುವುದು. ಹೀಗಾದರೆ ಅರ್ಧ ಬೆಳೆ ಕಡ್ಡಿಯಲ್ಲೇ ಉಳಿಯುತ್ತದೆ.

"ಲಕ್ಷ್ಮಕ್ಕ, ತಲೆ ಸಿಡೀತೈತೆ," ಎಂದಳು ಮಾರಮ್ಮ. "ಗವಿಸಿದ್ದಯ್ಯೋರ ಮನೇಲೂ ಹುಳ ಹಣ್ಣಾಗೈತೆ. ಅಲ್ಲಿ ಈ ಗಲಾಟೆ ಇಲ್ಲ ನೋಡು."

ಅಶ್ವಥ್‌ಗೂ ಅದು ಕೇಳಿಸಿತು. ಹುಳದ ತಟ್ಟೆಯನ್ನು ಮೆತ್ತಗೆ ಕೆಳಗಿಟ್ಟ.

"ಅತ್ತೆ, ನನ್ನಿಂದ ನಿಮ್ಮ ಕೆಲಸ ಕೆಡ್ತಾ ಐತೆ. ನಾನು ಕಾರ್ ತಗೊಂಡು ಹೊಂಟೋಯ್ತೀನಿ. ಸಿರಿ ಬೇಕಾದ್ರೆ ಇರ್ಲಿ."

ಸಿರಿ ಮುಖ ಬಾಡಿತು. ಎರಡು ಕೈ ಹೋಗುತ್ತವೆ, ಮಗಳು ಸಂಕಟದಲ್ಲೇ ಕೂರುತ್ತಾಳೆ ಎಂದುಕೊಂಡಳು ವೆಂಕಟಲಕ್ಷ್ಮಮ್ಮ. ಆದರೆ ಅವಳ ಕಣ್ಣು ಅಳಿಯನ ಮುಖದ ಮೇಲಿರಲಿಲ್ಲ, ಸೊಂಟದ ಮೇಲಿತ್ತು. ಬೆಳಿಗ್ಗೆಯಿಂದ ಏನೋ ಒಂದು ಅವಳ ಮನಸ್ಸಿಗೆ ಚುಚ್ಚುತ್ತಿತ್ತು. ಅವನು ಮೇಲಿನ ಅಟ್ಟಣಿಗೆಯಲ್ಲಿ ಆಯುವಾಗ ಕಾರು ತೆಪ್ಪಗಿತ್ತು. ಹೊರಗೆ ನೆಟ್ಟಗೆ ನಿಂತಾಗಲೂ ತೆಪ್ಪಗಿತ್ತು.

"ಹೋಗೀರಂತೆ," ಎಂದಳು. "ಅದಕ್ಕೂ ಮುಂಚೆ ಆ ಕೆಳಗಿನ ಮೂಲೇಲಿ ಒಂದು ಹುಳ ಬಿದ್ದೈತೆ, ನನಗೆ ಸೊಂಟ ಬಗ್ಗಲ್ಲ, ಎತ್ತಿಕೊಡಿ."

ಅವನು ಬಗ್ಗಿದ. ಕಾರು ಕೂಗಿತು.

ಲುಂಗಿಗೆ ಜೇಬಿಲ್ಲ. ಕೀ ಗೊಂಚಲನ್ನು ಅವನು ಸೊಂಟದ ಗಂಟಿಗೆ ಸಿಕ್ಕಿಸಿಕೊಂಡಿದ್ದ. ಬಗ್ಗಿದಾಗಲೆಲ್ಲ ಹೊಟ್ಟೆಯ ಮಡಿಕೆ ರಿಮೋಟಿನ ಗುಂಡಿಯನ್ನು ಒತ್ತುತ್ತಿತ್ತು. ಲುಂಗಿ ಉಡಿಸಿದ್ದು ತಾನೇ ಎಂದು ವೆಂಕಟಲಕ್ಷ್ಮಮ್ಮನಿಗೆ ಹೊಳೆಯಿತು.

ಹೇಳಿಬಿಡಬಹುದಿತ್ತು. ಆದರೆ ಹತ್ತಿರದಲ್ಲೇ ಮಾರಮ್ಮ ಇದ್ದಳು. ಬಾಗಿಲಲ್ಲಿ ಕೆಂಪರಾಜು ನಿಂತಿದ್ದ. ಅವನು ಮದುವೆಯ ಹೊಸತರಲ್ಲಿ ಕುದೂರಿನ ಮಾವನ ಮನೆಯಲ್ಲಿ ಕುಕ್ಕರ್ ವಿಜಿಲ್ ಕೂಗಿದ್ದಕ್ಕೆ ಬಸ್ಸು ಹೊರಟಿತೆಂದು ಚೀಲ ಹಿಡಿದು ಓಡಿದ್ದ. ಈಗ ಮೊಮ್ಮಗು ಕಂಡಿದ್ದಾನೆ, ಇವತ್ತಿಗೂ ಊರಿಗೆಲ್ಲ ವಿಜಿಲ್ ಕೆಂಪನೇ. ಹೊಟ್ಟೆಯಿಂದ ಕಾರು ಕೂಗಿಸಿದ ಅಳಿಯನಿಗೆ ಈ ಊರು ಏನು ಹೆಸರಿಡುತ್ತದೆ ಅನ್ನುವುದನ್ನು ಯೋಚಿಸುವುದೂ ಬೇಡ. ಆಮೇಲೆ ಅವನು ಈ ಕಡೆ ತಲೆ ಹಾಕಿ ಮಲಗಿಯಾನೇ?

ವೆಂಕಟಲಕ್ಷ್ಮಮ್ಮ ಹಣೆ ತಟ್ಟಿಕೊಂಡಳು.

"ನನ್ನ ಬುದ್ಧಿಗಿಷ್ಟು! ಎಂಥ ತೆಪ್ಪು ಮಾಡ್ಬುಟ್ಟೆ. ಹುಳ ಹಣ್ಣಾದ ದಿನ ಮನೆಗೆ ಹೊಸ ಬೀಗದ ಕೈ ಬಂದ್ರೆ ಅದನ್ನ ದೇವರ ಮುಂದೆ ಇಡ್ಬೇಕು. ಹುಳ ಎಲ್ಲಾ ಚಂದ್ರಿಕೆಗೆ ಬಿಡೋಗಂಟ ಅಲ್ಲಿಂದ ತೆಗೀಬಾರ್ದು. ನಮ್ಮನೆ ಪದ್ಧತಿ ಅದು. ಕೊಡಿ ಅಳಿಯಂದ್ರೆ, ಆ ಗೊಂಚಲು ಕೊಡಿ."

ಚಂದ್ರಿಕೆ ಹೊತ್ತು ಬಂದಿದ್ದ ರಾಮಲಿಂಗಯ್ಯ ಅಲ್ಲೇ ನಿಂತ. ಹುಟ್ಟಿದಂದಿನಿಂದ ಈ ಮನೆಯಲ್ಲೇ ಇದ್ದವನು, ಇಂಥ ಪದ್ಧತಿಯನ್ನು ಕನಸಲ್ಲೂ ಕೇಳಿರಲಿಲ್ಲ. ಹೆಂಡತಿಯ ಮುಖ ನೋಡಿದ. ಹೆಂಡತಿಯೂ ಅವನನ್ನು ನೋಡಿದಳು.

"ಹೂ ಕಣಪ್ಪಾ," ಎಂದ ರಾಮಲಿಂಗಯ್ಯ. "ನಮ್ಮ ತಾತನ ಕಾಲದಿಂದಲೂ ನಡ್ಕಂಡು ಬಂದೈತೆ."

"ನಿಮ್ಮ ತಾತಂಗೆ ಯಾವ ಕಾರಿತ್ತಣ್ಣಾ?" ಎಂದ ಕೆಂಪರಾಜು.

"ಕಣಜಕ್ಕೆ ಬೀಗ ಇರ್ಲಿಲ್ವೇನ್ಲಾ?"

ತನ್ನ ತಾತನೂ ಅವನೇ ಅನ್ನುವುದು ಕೆಂಪರಾಜುವಿಗೆ ತಡವಾಗಿ ಹೊಳೆಯಿತು. ಮಾರಮ್ಮ ಆಗಲೇ ಕೆನ್ನೆ ಬಡಿದುಕೊಂಡಿದ್ದಳು. ವೆಂಕಟಲಕ್ಷ್ಮಮ್ಮ ಗೊಂಚಲು ಒಯ್ದು ದೀಪದ ಮುಂದಿಟ್ಟು, ಒಂದು ಹೂವನ್ನೂ ಏರಿಸಿದಳು. ಪದ್ಧತಿ ಅಂದಮೇಲೆ ಅರೆಬರೆ ಆಗಬಾರದು.

ಆಮೇಲೆ ಕಾರು ಕೂಗಲಿಲ್ಲ. ಅಶ್ವಥ್ ಕೆಳಗಿನ ಅಟ್ಟಣಿಗೆಯನ್ನೆಲ್ಲ ಒಬ್ಬನೇ ಆಯ್ದ. ಫ್ಯಾಕ್ಟರಿಯಲ್ಲಿ ಚಿಕ್ಕ ಚಿಕ್ಕ ಸಾಮಾನು ಜೋಡಿಸಿ ಪಳಗಿದ ಬೆರಳು, ಹುಳ ಹಿಚುಕದಂತೆ ಎತ್ತುತ್ತಿತ್ತು. ಮಾರಮ್ಮನೇ ಹೊಗಳಿದಳು. ಕೊನೆಯ ಚಂದ್ರಿಕೆಯನ್ನು ಗೋಡೆಗೆ ಒರಗಿಸಿದಾಗ ಪಡುವಣದಲ್ಲಿ ಇನ್ನೂ ಬೆಳಕಿತ್ತು. ಕಡ್ಡಿಯಲ್ಲಿ ಉಳಿದದ್ದು ಬೊಗಸೆಯಷ್ಟೂ ಇಲ್ಲ.

ಹೊರಡುವಾಗ ಅಶ್ವಥ್ ದೇವರ ಮುಂದಿಂದ ಕೀ ತೆಗೆದುಕೊಂಡ. ಬೆಳಿಗ್ಗೆಯ ಹಾಗೆಯೇ ಲುಂಗಿಯ ಸೊಂಟಕ್ಕೆ ಸಿಕ್ಕಿಸಿ, ಅತ್ತೆಯ ಕಾಲಿಗೆ ಬಗ್ಗಿದ. ಅಂಗಳದಲ್ಲಿ ಕಾರು ಕೂಗಿತು. ಮಾರಮ್ಮನ ಗುಂಪು ಹೋಗಿ ಆಗಿತ್ತು. ಅವನು ಬಗ್ಗಿದಲ್ಲೇ ಇದ್ದು ಒಂದು ಗಳಿಗೆ ಯೋಚಿಸಿದ. ಎದ್ದು ನಿಂತಾಗ ಅವನ ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ.

"ಅತ್ತೆ, ಮಧ್ಯಾಹ್ನವೇ ಗೊತ್ತಾಗಿತ್ತಾ ನಿಮಗೆ?"

"ಏನು ಗೊತ್ತಾಗೋದು? ಪ್ಯಾಂಟ್ ಹಾಕ್ಕಂಡು ಹೋಗಿ ಅಳಿಯಂದ್ರೆ, ಲುಂಗೀಲಿ ಗಾಡಿ ಓಡಿಸ್ಬ್ಯಾಡಿ."

"ಮುಂದಿನ ಬೆಳೆ ಯಾವಾಗ ಹಣ್ಣಾಯ್ತದೆ?" ಎಂದ ಅವನು. "ರಜಾ ಹಾಕಿ ಬತ್ತೀನಿ."

ಮುಂದಿನ ಬೆಳೆ ಮೊದಲು ಹಣ್ಣಾದದ್ದು ಗವಿಸಿದ್ದಯ್ಯನ ಮನೆಯಲ್ಲಿ. ಕೆಲಸಕ್ಕೆ ಕೆಲಸವೆಂದು ಮುಯ್ಯಿಗೆ ಹುಳ ಆಯಲು ವೆಂಕಟಲಕ್ಷ್ಮಮ್ಮ ಹೋಗಿದ್ದಳು. ನೀರು ಕುಡಿಯಲೆಂದು ನಡುಮನೆಗೆ ಬಂದರೆ ದೀಪದ ಮುಂದೆ ಬೈಕಿನ ಕೀ, ಟ್ರ್ಯಾಕ್ಟರಿನ ಕೀ, ಬೀರುವಿನ ಕೀ, ಎಲ್ಲದರ ಮೇಲೂ ಒಂದೊಂದು ಹೂವು.

"ಮಾರಮ್ಮ ಹೇಳಿದ್ಲು," ಎಂದಳು ಗವಿಸಿದ್ದಯ್ಯನ ಹೆಂಡತಿ ಬಸಮ್ಮ. "ನಿಮ್ಮನೇಲಿ ಬೆಳೆ ಚೆನ್ನಾಗಿ ಇಳೀತಂತಲ್ಲ. ನಾವೂ ಇಟ್ವಿ. ಸರಿಯಾಗಿ ಇಟ್ಟಿದೀವಾ, ಒಸಿ ನೋಡಿ ಹೇಳಿ."

ವೆಂಕಟಲಕ್ಷ್ಮಮ್ಮ ಕೀಗಳನ್ನು ಒಮ್ಮೆ ನೋಡಿದಳು.

"ಸರಿಯಾಗೈತೆ ಕಣವ್ವಾ," ಎಂದು ಕೈ ಮುಗಿದು, ಕೈ ತೊಳೆಯಲು ಹೋದಳು.